26 ವಾರಕ್ಕೇ ಹುಟ್ಟಿದ ಮಗು: ಹಾಸನದಲ್ಲೇ ಇರಲಾ, ಬೆಂಗಳೂರಿಗಾ? ಅನುಭವ ಇದ್ದವರು ಹೇಳಿ

ಚಿಕ್ಕಮಗಳೂರಿನ ಅಕ್ಕ: ನನ್ನ ತಂಗಿಗೆ ಮೊನ್ನೆ 26 ವಾರಕ್ಕೇ ಹೆರಿಗೆಯಾಯಿತು. ಹೆಣ್ಣು ಮಗು, 820 ಗ್ರಾಂ. ಈಗ ಹಾಸನದಲ್ಲಿ ವೆಂಟಿಲೇಟರ್ ಮೇಲಿದೆ. ಅವಳ ಅತ್ತೆ ಮನೆಯವರು ಬೆಂಗಳೂರಿಗೆ ಒಯ್ಯೋಣ ಅಂತಾರೆ. ಡಾಕ್ಟರು ಈಗ ಅಲುಗಾಡಿಸಬೇಡಿ ಅಂತಾರೆ. ಇಂಥ ಮಗುವನ್ನು ಸಾಕಿದವರು ಯಾರಾದರೂ ಇದ್ದೀರಾ?

ಸಕಲೇಶಪುರದ ಅಮ್ಮ: ನನ್ನ ಮಗ 27 ವಾರದವನು, 900 ಗ್ರಾಂ. ಬೆಂಗಳೂರಿಗೇ ಹೋದೆವು, ಇವತ್ತಿಗೂ ಅದೇ ಸರಿ ಅಂತೇನೆ. ಇನ್‌ಕ್ಯುಬೇಟರ್, ನರ್ಸ್ ಎಲ್ಲ ಇರುವ ಆಂಬುಲೆನ್ಸಿಗೆ 28,000. ಶ್ವಾಸಕೋಶ ಅರಳಲು ಕೊಡುವ ಸರ್ಫ್ಯಾಕ್ಟೆಂಟ್ ಔಷಧಿ ಒಂದು ಡೋಸಿಗೆ 14,500, ಎರಡು ಬೇಕಾಯಿತು. ಬೆಡ್ಡಿಗೆ ದಿನಕ್ಕೆ 12,000, ವೆಂಟಿಲೇಟರಿಗೆ 4,500 ಬೇರೆ. ನರದ ಮೂಲಕ ಕೊಡುವ ಆಹಾರಕ್ಕೆ ಇನ್ನೊಂದು ಬಿಲ್. ಇನ್ನೇನು ತೂಕ ಏರುತ್ತಿದೆ ಅನ್ನುವಾಗ ಹೊಟ್ಟೆ ಉಬ್ಬಿತು. ಕರುಳಿನ ಸೋಂಕು ಅಂದರು. ಹಾಲು ನಿಲ್ಲಿಸಿದರು, ಮತ್ತೆ ಮೊದಲಿಂದ ಶುರು. ನಮ್ಮ ಪಾಲಿಸಿಯಲ್ಲಿ ಮಗು ಸೇರುವುದು 90 ದಿನ ತುಂಬಿದ ಮೇಲೆ. ಒಂದು ಪೈಸೆ ಬರಲಿಲ್ಲ. ಕಡೆಗೆ 17 ಲಕ್ಷ ದಾಟಿತು. ರಸ್ತೆ ಬದಿಯ ಎರಡು ಎಕರೆ ತೋಟ ಕೊಟ್ಟೆವು, ಅದೂ ಕಾಫಿ ರೇಟು ಬಿದ್ದಿದ್ದ ಕಾಲದಲ್ಲಿ. ಈಗಿನ ರೇಟು ನೋಡಿದರೆ ಹೊಟ್ಟೆ ಉರಿಯುತ್ತದೆ. ಆದರೆ ಮಗ ಯುಕೆಜಿಗೆ ಹೋಗುತ್ತಿದ್ದಾನೆ.

ಅರಕಲಗೂಡಿನ ಅಪ್ಪ: ಮಾರೋಕೆ ತೋಟ ಇಲ್ಲದವರು ಏನು ಮಾಡಬೇಕು ಮೇಡಂ? ನನ್ನ ಮಗಳು ಹಾಸನದ ಸರ್ಕಾರಿ ಆಸ್ಪತ್ರೆಯ ಎಸ್‌ಎನ್‌ಸಿಯುನಲ್ಲೇ, ಅಂದರೆ ಕಾಯಿಲೆ ಬಿದ್ದ ನವಜಾತ ಕೂಸುಗಳ ವಾರ್ಡಿನಲ್ಲೇ ಉಳಿದಳು. 2011ರಿಂದ ಸರ್ಕಾರದ ಜನನಿ ಶಿಶು ಸುರಕ್ಷಾ ಯೋಜನೆ ಇದೆ. ಕಾಯಿಲೆ ಬಿದ್ದ ಕೂಸಿಗೆ ಔಷಧಿ, ರಕ್ತ, ಟೆಸ್ಟ್ ಎಲ್ಲ ಫ್ರೀ. ನಮಗೆ ಬಿದ್ದ ಖರ್ಚು ಬಸ್ಸು, ಊಟ ಮತ್ತು ರೂಮಿನದು. ಒಂದು ವಾರ ರೂಮೂ ಬೇಡ ಅಂತ ವರಾಂಡದಲ್ಲೇ ಮಲಗಿದೆ. ಸಿಸ್ಟರ್‌ಗಳು ನನ್ನ ಹೆಂಡತಿಗೂ ನನಗೂ ಕಾಂಗರೂ ಆರೈಕೆ ಕಲಿಸಿದರು. ಅವಳು ಹಾಲು ಹಿಂಡಲು ಹೋದಾಗ ಮಗು ನನ್ನ ಎದೆ ಮೇಲೆ. ಬರಿ ಮೈಗೆ ಬರಿ ಮೈ, ಮೇಲೊಂದು ಪಂಚೆ ಕಟ್ಟು. ಆಮೇಲೆ ಒಳಲೆಯಲ್ಲಿ ಹಾಲು. ನಾನು ಕೂಲಿ ಮಾಡುವವನು, ಅಷ್ಟು ದಿನ ಕೆಲಸ ಬಿಟ್ಟೆ. ದುಡ್ಡು ಸುರಿದರೆ ಮಾತ್ರ ಪ್ರೀತಿ ಅಂತಲ್ಲ.

ಸಕಲೇಶಪುರದ ಅಮ್ಮ: ಪ್ರೀತಿ ಅಂತ ನಾನೆಲ್ಲಿ ಹೇಳಿದೆ? ನಿಮ್ಮ ಮಗಳು ಎಷ್ಟು ವಾರದವಳು, ಅದನ್ನು ಹೇಳಿ.

ಅರಕಲಗೂಡಿನ ಅಪ್ಪ: 30 ವಾರ. 1,250 ಗ್ರಾಂ.

ಸಕಲೇಶಪುರದ ಅಮ್ಮ: ನೋಡಿ! 28 ವಾರದ ಒಳಗಿನದೇ ಬೇರೆ ಲೆಕ್ಕ. ಅಲ್ಲಿ ಒಂದೊಂದು ವಾರಕ್ಕೂ ಅಜಗಜಾಂತರ. ನಿಮ್ಮ ಅನುಭವ ಇವರಿಗೆ ಹೇಗೆ ಹೊಂದುತ್ತದೆ?

ಮೂಡಿಗೆರೆಯ ಚಿಕ್ಕಪ್ಪ: ಡಾಕ್ಟರು ಬೇಡ ಅಂದರೆ ಬೇಡ. ನಮ್ಮ ಅಣ್ಣನ ಮಗುವನ್ನು ಯಾರ ಮಾತೂ ಕೇಳದೆ ಚಾರ್ಮಾಡಿ ಘಾಟಿ ಇಳಿಸಿ ಮಂಗಳೂರಿಗೆ ಒಯ್ದರು. ಸಾದಾ ಆಂಬುಲೆನ್ಸು. ಅಷ್ಟು ಚಿಕ್ಕ ಮೈಯಲ್ಲಿ ಕೊಬ್ಬೇ ಇರುವುದಿಲ್ಲ, ಶಾಖ ನಿಲ್ಲುವುದಿಲ್ಲ. ತಲುಪುವಾಗ ಕೂಸು ತಣ್ಣಗಾಗಿತ್ತು. ಮೂರನೇ ದಿನ ಹೋಯಿತು. ಅತ್ತಿಗೆ ಇವತ್ತಿಗೂ ಆ ರಸ್ತೆಯಲ್ಲಿ ಬರುವುದಿಲ್ಲ.

ಸಕಲೇಶಪುರದ ಅಮ್ಮ: ಬಾಣಂತಿ ಮನೆಯವರು ಓದುವ ಜಾಗದಲ್ಲಿ ಇದನ್ನು ಬರೆಯಬೇಕಿತ್ತಾ?

ಮೂಡಿಗೆರೆಯ ಚಿಕ್ಕಪ್ಪ: ಬರೆಯಲೇಬೇಕು. ಉಳಿದವರ ಕಥೆ ಮಾತ್ರ ಕೇಳಿಯೇ ನಮ್ಮವರು ಹೊರಟಿದ್ದು.

ಬೇಲೂರಿನ ತಾಯಿ: ನೀವೆಲ್ಲ ಊರಿಗಾಗಿ ಜಗಳ ಆಡುತ್ತಿದ್ದೀರಿ. ಕಣ್ಣಿನ ಬಗ್ಗೆ ಒಬ್ಬರೂ ಹೇಳಲಿಲ್ಲ. ನನ್ನ ಮಗಳೂ 27 ವಾರದವಳು. ಖಾಸಗಿ ಆಸ್ಪತ್ರೆಯಲ್ಲಿ ಉಸಿರಾಟ ಚೆನ್ನಾಗಿ ನೋಡಿಕೊಂಡರು, ತೂಕ ಏರಿಸಿ ಕಳಿಸಿದರು. ಡಿಸ್ಚಾರ್ಜ್ ಚೀಟಿಯಲ್ಲಿ ಆರ್‌ಒಪಿ, ಅಂದರೆ ಬೇಗ ಹುಟ್ಟಿದ ಮಕ್ಕಳ ರೆಟಿನಾಗೆ (ಕಣ್ಣಿನ ಒಳಪರದೆಗೆ) ಬರುವ ತೊಂದರೆ, ಅನ್ನುವ ಮಾತೇ ಇರಲಿಲ್ಲ. ಮಗು ದೀಪದ ಕಡೆ ತಿರುಗುತ್ತಿಲ್ಲ ಅಂತ ನಮ್ಮಮ್ಮ ಗುರುತಿಸುವ ಹೊತ್ತಿಗೆ ಬಲಗಣ್ಣಿನ ಪರದೆ ಕಳಚಿತ್ತು. ಲೇಸರ್ ಮಾಡಿ ಎಡಗಣ್ಣು ಉಳಿಸಿದರು. 28 ವಾರದ ಒಳಗೆ ಹುಟ್ಟಿದ ಮಗುವಿಗೆ ಎರಡು, ಮೂರನೇ ವಾರದಲ್ಲೇ ರೆಟಿನಾ ನೋಡಬೇಕು. ಅದಕ್ಕೆ ಬೆಂಗಳೂರಿಗೇ ಹೋಗಬೇಕು ಅಂತಲೂ ಇಲ್ಲ. ನಾರಾಯಣ ನೇತ್ರಾಲಯದವರು 2008ರಲ್ಲಿ ಕಿಡ್‌ರಾಪ್ ಶುರು ಮಾಡಿದ್ದೇ ಇದಕ್ಕೆ. ಟೆಕ್ನಿಷಿಯನ್ ಕ್ಯಾಮೆರಾ ತಂದು ಜಿಲ್ಲೆಯಲ್ಲೇ ಫೋಟೋ ತೆಗೆಯುತ್ತಾರೆ, ಕಣ್ಣಿನ ಡಾಕ್ಟರು ದೂರದಿಂದಲೇ ನೋಡುತ್ತಾರೆ. ಅಕ್ಕ, ಯಾವ ಊರಲ್ಲಾದರೂ ಇಟ್ಟುಕೊಳ್ಳಿ. ಕಣ್ಣಿನ ಪರೀಕ್ಷೆ ಯಾವತ್ತು ಅಂತ ತಾರೀಕು ಬರೆಸಿಕೊಳ್ಳಿ. ಒಂದು ಸಲ ಸರಿ ಅಂದರೂ ಬಿಡಬೇಡಿ, ಪರದೆ ಪೂರ್ತಿ ಬೆಳೆಯುವವರೆಗೂ ಕರೆದಾಗೆಲ್ಲ ಹೋಗಿ.

ಆಲೂರಿನ ಅಜ್ಜಿ: ಮನೆಗೆ ಬಂದ ಮೇಲೆ ಎಣ್ಣೆ ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಡಿ. ನಮ್ಮ ಮನೆಯ ಏಳು ತಿಂಗಳ ಕೂಸುಗಳೆಲ್ಲ ಹಾಗೇ ಬೆಳೆದವು.

ಬೇಲೂರಿನ ತಾಯಿ: ಅಜ್ಜಿ, ಹೊಗೆ ಬೇಡವೇ ಬೇಡ. ವೆಂಟಿಲೇಟರ್‌ನಿಂದ ಬಂದ ಶ್ವಾಸಕೋಶ ಅದು.

ಆಲೂರಿನ ಅಜ್ಜಿ: ನಾನು ಎಷ್ಟು ಬಾಣಂತನ ಮಾಡಿದ್ದೇನೆ ಗೊತ್ತೇನಮ್ಮ?

ಅರಕಲಗೂಡಿನ ಅಪ್ಪ: ಅಜ್ಜಿ ತಪ್ಪೇನು ಹೇಳಿದರು? ನಮ್ಮ ಮನೆಯಲ್ಲೂ ಎಣ್ಣೆ ಹಚ್ಚಿದೆವು.

ಸಕಲೇಶಪುರದ ಅಮ್ಮ: ಎಣ್ಣೆ ಬೇರೆ, ಹೊಗೆ ಬೇರೆ ಅಣ್ಣ. ಡಿಸ್ಚಾರ್ಜ್ ಆಗಿ ಬಂದಾಗ ನಮ್ಮತ್ತೆ ಕೆಂಡ ತಂದರು, ನಾನು ಬಾಗಿಲು ಹಾಕಿಕೊಂಡೆ. ಮನೆಯಲ್ಲಿ ಮಾತು ಬಿಟ್ಟರು. ಇನ್ನು ಆರು ತಿಂಗಳಾದರೂ ಕೂರಲಿಲ್ಲ ಅಂತ ಬೀದಿಯವರೆಲ್ಲ ಕೇಳಿದರು. ಬೆಳವಣಿಗೆಯನ್ನು ಹುಟ್ಟಿದ ದಿನದಿಂದ ಎಣಿಸಬಾರದು, ಡಾಕ್ಟರು ಕೊಟ್ಟಿದ್ದ ಹೆರಿಗೆ ತಾರೀಕಿನಿಂದ ಎಣಿಸಬೇಕು.

ಅರಕಲಗೂಡಿನ ಅಪ್ಪ: ಲಸಿಕೆಗೂ ಹಾಗೇನಾ? ನಮಗೆ ಹುಟ್ಟಿದ ದಿನದ ಲೆಕ್ಕದಲ್ಲೇ ಹಾಕಿದರು.

ಸಕಲೇಶಪುರದ ಅಮ್ಮ: ಲಸಿಕೆಗೆ ಹುಟ್ಟಿದ ದಿನವೇ. ನಾನು ಹೇಳಿದ್ದು ಕೂರುವುದು, ನಿಲ್ಲುವುದು. ಪೂರ್ತಿ ಓದಿ ಅಣ್ಣ.

ಚಿಕ್ಕಮಗಳೂರಿನ ಅಕ್ಕ: ಮಗುವನ್ನು ಈಗ ಅಲುಗಾಡಿಸುವುದಿಲ್ಲ. ಕಣ್ಣಿನ ಪರೀಕ್ಷೆಯ ವಿಷಯ ಸಂಜೆ ರೌಂಡ್ಸಿನಲ್ಲಿ ಕೇಳುತ್ತೇನೆ. ಬೇಲೂರಿನವರೇ, ಕಿಡ್‌ರಾಪ್‌ನವರು ಹಾಸನಕ್ಕೆ ಯಾವ ವಾರ ಬರುತ್ತಾರೆ ಗೊತ್ತಾ?

ಬೇಲೂರಿನ ತಾಯಿ: ಎಸ್‌ಎನ್‌ಸಿಯು ಇನ್‌ಚಾರ್ಜ್ ಸಿಸ್ಟರನ್ನು ಕೇಳಿ. ಬಾಯಿಮಾತಿಗೆ ಬಿಡಬೇಡಿ, ಫೈಲಿನಲ್ಲಿ ಬರೆಸಿ.