ನಮ್ಮ ಕಡೆ ಬಡವರು ಮೇಲೆ ಬಂದಿದ್ದು ಗದ್ದೆಯಿಂದಲೋ, ಶಾಲೆಯಿಂದಲೋ?

ಗಂಗಾವಳಿ ದಂಡೆ:
ನಮ್ಮ ಉತ್ತರ ಕನ್ನಡ ಜಿಲ್ಲೆಯ ಅಂಕೋಲೆಯಲ್ಲಿ ಒಂದು ಮದುವೆ ಊಟದಲ್ಲಿ ಜಗಳ ಆಗುವಷ್ಟು ಮಾತಾಯಿತು. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದ ನಮ್ಮ ಸಂಬಂಧಿಕರೊಬ್ಬರು, "ಓದಿದವ ಮೇಲೆ ಬರ್ತಾನೆ, ಓದದವ ನೆಪ ಹೇಳ್ತಾನೆ, ಅಷ್ಟೇ" ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಅವರ ಅಪ್ಪ, ನನ್ನ ಅಜ್ಜ ಇಬ್ಬರೂ ಗೇಣಿ ಒಕ್ಕಲುಗಳು. ಸುಗ್ಗಿ ಮುಗಿದ ಮೇಲೆ ಒಡೆಯರಿಗೆ ಗೇಣಿ ಅಳೆದು ಕೊಟ್ಟರೆ ಉಳಿದ ಭತ್ತ ಅರ್ಧ ಮಳೆಗಾಲಕ್ಕೆ ಖಾಲಿ. ಆಮೇಲೆ ಅದೇ ಒಡೆಯರ ಮನೆಯಿಂದ ಸಾಲ. 1974ರ ಮಾರ್ಚ್ 1ರಿಂದ ದೇವರಾಜ ಅರಸು ಸರಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಗೇಣಿ ಜಮೀನು ಸರಕಾರದ ವಶವಾಯಿತು, ಉಳುವವರು 7ನೇ ನಂಬರಿನ ಫಾರ್ಮ್ ತುಂಬಿ ಭೂನ್ಯಾಯ ಮಂಡಳಿಗೆ ಕೊಟ್ಟರು, ಗದ್ದೆ ಅವರ ಹೆಸರಿಗೆ ಬಂತು. ಭತ್ತ ಮನೆಯಲ್ಲೇ ಉಳಿದ ಮೇಲೆ ತಾನೆ ನಮ್ಮಪ್ಪ ಕಾಲೇಜಿಗೆ ಹೋಗಿದ್ದು? ಗದ್ದೆ ಮೊದಲು, ಓದು ಆಮೇಲೆ. ನೀವೇನಂತೀರಿ?

ಕದ್ರಾ ಕರೆಂಟು:
ನಿಮ್ಮ ಸಂಬಂಧಿಕರು ಹೇಳಿದ್ದೇ ಸರಿ. ಗದ್ದೆ ಸಿಕ್ಕವರೆಲ್ಲರ ಮಕ್ಕಳೂ ಬ್ಯಾಂಕ್ ಮ್ಯಾನೇಜರ್ ಆಗಲಿಲ್ಲವಲ್ಲ.

ಕುಮಟಾ ಅಕ್ಕೋರು:
ನಾನು ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು. ಗದ್ದೆ, ಶಾಲೆ ಎರಡನ್ನೂ ಹೀಗೆ ಬೇರೆ ಬೇರೆ ಇಟ್ಟು ನೋಡಿದರೆ ಆಗೋದಿಲ್ಲ. ದಿನಕರ ದೇಸಾಯಿಯವರನ್ನೇ ನೋಡಿ. ಮೊದಲು ರೈತರನ್ನು ಕಟ್ಟಿಕೊಂಡು ಒಡೆಯರ ವಿರುದ್ಧ ನಿಂತರು, ಅದಕ್ಕಾಗಿ ಬ್ರಿಟಿಷರ ಕಾಲದಲ್ಲಿ ಜಿಲ್ಲೆಯಿಂದ ಗಡಿಪಾರೂ ಆದರು. ಆಮೇಲೆ 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಶುರುಮಾಡಿ ಹಳ್ಳಿಗಳಿಗೆ ಹೈಸ್ಕೂಲು ತಂದರು, 1966ರಲ್ಲಿ ಅಂಕೋಲೆಗೆ ಗೋಖಲೆ ಶತಾಬ್ದಿ ಕಾಲೇಜು ಬಂತು. ಶಾಲೆ ಹತ್ತಿರ ಬಂದಿದ್ದು ಗೇಣಿ ಹೋಗುವುದಕ್ಕಿಂತ ಮುಂಚೆಯೇ. ಆದರೆ ಮಕ್ಕಳು ಬೆಂಚಿನಲ್ಲಿ ಉಳಿದಿದ್ದು ಗೇಣಿ ಹೋದ ಮೇಲೆ. ಒಡೆಯರ ಮನೆಯಿಂದ "ಹುಡುಗನ್ನ ದನ ಕಾಯೋಕೆ ಕಳಿಸು" ಅಂತ ಹೇಳಿ ಕಳಿಸಿದರೆ ಒಕ್ಕಲಿಗೆ ಇಲ್ಲ ಅನ್ನೋಕೆ ಆಗುತ್ತಿರಲಿಲ್ಲ. ಗದ್ದೆ ಬಿಡಿಸಿಬಿಟ್ಟರೆ? ಪಟ್ಟಾ ಕೈಗೆ ಬಂದ ಮೇಲೆ ಆ ಹೆದರಿಕೆ ಹೋಯಿತು. ಅನ್ನಕ್ಕಿಂತ ಅದು ದೊಡ್ಡದು ಅಂತ ನನಗನಿಸುತ್ತದೆ.

ಶಿರಸಿ ತೋಟದಮನೆ:
ನಾನು ಆ ಕಡೆಯವನು, ಅಂದರೆ ಗದ್ದೆ ಕಳೆದುಕೊಂಡ ಮನೆಯವನು. ಒಡೆಯರು ಅಂದರೆ ಎಲ್ಲರೂ ಸಾಹುಕಾರರು ಅಂದುಕೊಳ್ಳಬೇಡಿ. ನಮ್ಮ ದೊಡ್ಡಮ್ಮ ಗಂಡ ತೀರಿಕೊಂಡ ಮೇಲೆ ಇದ್ದ ತುಂಡು ಗದ್ದೆ ಗೇಣಿಗೆ ಕೊಟ್ಟಿದ್ದಳು. ಅದೂ ಹೋಯಿತು. ಪರಿಹಾರ ಅಂತ ಬಂದಿದ್ದು ಪುಡಿಗಾಸು. ಅಡಿಕೆ ತೋಟ ನಾವೇ ಮಾಡುತ್ತಿದ್ದೆವು, ಹಾಗಾಗಿ ಅದು ಉಳಿಯಿತು. ಈಗ ಮಕ್ಕಳೆಲ್ಲ ಬೆಂಗಳೂರು. ಮನೆಯಲ್ಲಿ ನಾವಿಬ್ಬರು ಮುದುಕರು. ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡನಿಗೆ ಫೋನು ಮಾಡಿದರೆ ಇವತ್ತು ಬರ್ತೆ, ನಾಳೆ ಬರ್ತೆ. ಅವನ ಮಗ ಗೋವಾದಲ್ಲಿದ್ದಾನೆ. ಸಮಾಜದಲ್ಲಿ ಯಾರು ಮೇಲೆ, ಯಾರು ಕೆಳಗೆ ಅಂತ ಈಗ ಹೇಳೋದೇ ಕಷ್ಟ ತಮ್ಮಾ.

ಯಲ್ಲಾಪುರ ಕಡೆಯವ:
ಕಷ್ಟ ಏನಿಲ್ಲ ಹೆಗಡೇರೇ, ನಾನು ಹೇಳ್ತೇನೆ. ಮಳೆಗಾಲದಲ್ಲಿ ಜಾರುವ ಅಡಿಕೆ ಮರ ಹತ್ತಿ ಕೊಳೆರೋಗದ ಔಷಧಿ ಹೊಡೆಯುವಾಗ ಮರದ ಮೇಲಿರುವವ ಕೆಳಗಿನವ. ಕೆಳಗೆ ಕೊಡೆ ಹಿಡಿದು ನಿಂತವರು ಮೇಲಿನವರು. ಬಿದ್ದರೆ ಸೊಂಟ ಹೋಗೋದು ಯಾರದು?

ಇಲ್ಲಿ ಎಲ್ಲರೂ ಫಾರ್ಮ್ ಏಳು ಫಾರ್ಮ್ ಏಳು ಅಂತಿದ್ದೀರಿ. ಅದನ್ನು ಕೊಡಬೇಕಾದರೆ ಗೇಣಿ ಮಾಡಿರಬೇಕಿತ್ತು. ನಮ್ಮವರು ಗೇಣಿ ಒಕ್ಕಲೂ ಅಲ್ಲ, ಬರೀ ಕೂಲಿ. ಒಡೆಯರ ಜಾಗದಲ್ಲಿ ಮನೆ ಇದ್ದ ಕೂಲಿಗಳಿಗೆ ಮನೆಯಡಿಯ ತುಂಡು ಸಿಗುವ ದಾರಿ ಆ ಕಾಯ್ದೆಯಲ್ಲಿ ಇತ್ತು ನಿಜ, ಉಳೋಕೆ ಏನೂ ಸಿಗಲಿಲ್ಲ. ಜಿಲ್ಲೆಯ ಹೆಚ್ಚಿನ ಭಾಗ ಅರಣ್ಯ. ನಮ್ಮಜ್ಜ ಕಾಡಂಚಿನಲ್ಲಿ ಒಂದಿಷ್ಟು ಬಿಡಿಸಿಕೊಂಡು ಭತ್ತ ಹಾಕಿದ. ಅಂದಿನಿಂದ ನಾವು ಅತಿಕ್ರಮಣದಾರರು. 1978ರ ಏಪ್ರಿಲ್ 27ಕ್ಕಿಂತ ಮುಂಚಿನದ್ದಾದರೆ ಸಕ್ರಮ ಅಂದರು, ನಮ್ಮ ಹೆಸರು ಪಟ್ಟಿಯಲ್ಲಿ ಬರಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಬಂತು. ಬುಡಕಟ್ಟಿನವರಲ್ಲದಿದ್ದರೆ ಮೂರು ತಲೆಮಾರು, ಅಂದರೆ 2005ರಿಂದ ಹಿಂದಕ್ಕೆ 75 ವರ್ಷ ಅಲ್ಲೇ ಇದ್ದೆವು ಅಂತ ತೋರಿಸಬೇಕು. 1930ರಲ್ಲಿ ಕೂಲಿಯವನ ಹೆಸರು ಬರೆದಿಟ್ಟವರು ಯಾರು?

ಪಹಣಿ ಇಲ್ಲದಿದ್ದರೆ ಏನಾಗುತ್ತದೆ ಅಂತ ಇದ್ದವರಿಗೆ ಗೊತ್ತಾಗೋದಿಲ್ಲ. ಸೊಸೈಟಿಯಲ್ಲಿ ಶೂನ್ಯ ಬಡ್ಡಿಯ ಬೆಳೆಸಾಲ ಇಲ್ಲ. ಬೆಳೆವಿಮೆ ಇಲ್ಲ. ಮಗಳ ಓದಿಗೆ ದೊಡ್ಡ ಸಾಲ ಬೇಕಾದರೆ ಅಡ ಇಡೋಕೆ ಜಾಗ ಇಲ್ಲ. ಅದೇ ಅಡಿಕೆ ನಾವೂ ಬೆಳೀತೇವೆ, ಅದೇ ಕೊಳೆರೋಗ ನಮ್ಮ ಮರಕ್ಕೂ ಬರುತ್ತದೆ.

ಕದ್ರಾ ಕರೆಂಟು:
ಹಾಗಂತ ಕಾಡು ಕಡಿದವರಿಗೆಲ್ಲ ಪಟ್ಟಾ ಕೊಡ್ತಾ ಹೋದರೆ ಕಾಡು ಉಳಿಯುತ್ತದಾ?

ಯಲ್ಲಾಪುರ ಕಡೆಯವ:
ಕದ್ರಾ ಅಣೆಕಟ್ಟಿನ ಹಿನ್ನೀರಿನಲ್ಲಿ ಎಷ್ಟು ಕಾಡು ಮುಳುಗಿತು ಅಂತ ನಿಮ್ಮ ಹೆಸರನ್ನೇ ಕೇಳಿ. ಇನ್ನು ತೋಟಕ್ಕೆ ಸೊಪ್ಪು ತರೋಕೆ ಅಂತ ಬಿಟ್ಟ ಸೊಪ್ಪಿನ ಬೆಟ್ಟ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಬ್ರಿಟಿಷರ ಕಾಲದಿಂದ ಇದೆ. ಅದೂ ಅರಣ್ಯವೇ ಅಲ್ವಾ?

ಶಿರಸಿ ತೋಟದಮನೆ:
ಬೆಟ್ಟ ನಮ್ಮ ಸ್ವಂತದ್ದಲ್ಲ. ಸೊಪ್ಪು, ದರಕು (ಒಣ ಎಲೆ) ತರುವ ಸವಲತ್ತು ಅಷ್ಟೇ. ಮಾರೋಕೆ ಬರೋದಿಲ್ಲ, ಮನೆ ಕಟ್ಟೋಕೆ ಬರೋದಿಲ್ಲ.

ಯಲ್ಲಾಪುರ ಕಡೆಯವ:
ಒಪ್ಪಿದೆ. ಆದರೆ ನಿಮ್ಮ ಬೆಟ್ಟಕ್ಕೆ ಯಾರೂ ಬೆಳಿಗ್ಗೆ ಎದ್ದು ಬಂದು ಗಿಡ ಕಿತ್ತು ಹಾಕೋದಿಲ್ಲ.

ಬೈತಖೋಲ್:
ನಿಮಗೆ ಕಾಡಾದರೂ ಇದೆ. ಸಮುದ್ರಕ್ಕೆ ಫಾರ್ಮ್ ಏಳೂ ಇಲ್ಲ, ಪಹಣಿಯೂ ಇಲ್ಲ. ನಮ್ಮ ಕಾರವಾರದಲ್ಲಿ ಮೊದಲು ದಡದಿಂದ ಎಳೆಯುವ ರಂಪಣಿ ಬಲೆ. ಇಡೀ ಕೇರಿ ಸೇರಿ ಬಲೆ ಎಳೆಯುತ್ತಿತ್ತು, ಮೀನು ಪಾಲು. ಬಲೆಯ ತುಂಡು ಕೊಟ್ಟವನಿಗೂ ಪಾಲು, ಬರೀ ಕೈ ಹಾಕಿದವನಿಗೂ ಪಾಲು. ಬಡತನ ಇತ್ತು, ಆದರೆ ಕೇರಿಯೊಳಗೆ ಅಂತಸ್ತಿನ ಅಂತರ ಕಮ್ಮಿ. 1970ರ ದಶಕದ ಕೊನೆಗೆ ದೊಡ್ಡ ಸುತ್ತುಬಲೆಯ ಯಾಂತ್ರಿಕ ಪರ್ಶೀನ್ ಬೋಟು ಬಂತು. ಬೋಟಿಗೆ ಸಾಲ ಸಿಕ್ಕವನು ಮಾಲಕ, ಸಿಗದವನು ಅವನ ಬೋಟಿನಲ್ಲೇ ಕೂಲಿ. ಒಂದೇ ಕೇರಿ, ಒಂದೇ ಜಾತಿ, ಒಂದೇ ದೇವಸ್ಥಾನ. ಎರಡು ವರ್ಗ ಆಗೋಕೆ ಜಾಸ್ತಿ ವರ್ಷ ಬೇಕಾಗಲಿಲ್ಲ. ಈಗ ಬೋಟಿನಲ್ಲಿ ಒಡಿಶಾ, ಜಾರ್ಖಂಡ್ ಹುಡುಗರು. ನಮ್ಮ ಹುಡುಗರು ಬೆಳಿಗ್ಗೆ ಗೋವಾ ಬಸ್ಸಿನಲ್ಲಿ. ಹಾಂ, ಒಂದು ಮಾತು: ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸರನ್ನು ಇಂಥ ಲೆಕ್ಕದಲ್ಲಿ ಯಾರೂ ಹಿಡಿಯೋದಿಲ್ಲ. ನಮ್ಮನೆಯಲ್ಲಿ ಶಾಲೆ ಫೀಸು ಕಟ್ಟಿದ್ದು ಬುಟ್ಟಿ, ಬೋಟಲ್ಲ.

ಸೀಬರ್ಡ್ ನೌಕಾನೆಲೆ ಯೋಜನೆ ಬಗ್ಗೆ ಹೇಳದೇ ಇರೋಕಾಗಲ್ಲ. 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು, 2005ರಲ್ಲಿ ಕದಂಬ ನೌಕಾನೆಲೆ ಶುರುವಾಯಿತು. ಗದ್ದೆ, ತೆಂಗು, ದೋಣಿ ನಿಲ್ಲಿಸುವ ಕಡಲತೀರ ಬಿಟ್ಟು ತೋಡೂರು, ಮುದಗಾ ಕಾಲೊನಿಗೆ ಹೋದವರು ಪರಿಹಾರಕ್ಕೆ ವರ್ಷಗಟ್ಟಲೆ ಕೋರ್ಟು ಅಲೆದರು. ಫಾರ್ಮ್ ಏಳರಲ್ಲಿ ಗದ್ದೆ ಪಡೆದು ಒಂದು ತಲೆಮಾರೂ ಕಳೆಯುವ ಮೊದಲೇ ಬಿಟ್ಟುಕೊಟ್ಟವರೂ ಅವರಲ್ಲಿದ್ದಾರೆ.

ಸಿದ್ದಾಪುರ ಟು ಮಜೆಸ್ಟಿಕ್:
ನಾನು ಓದಿನಿಂದಲೇ ಮೇಲೆ ಬಂದವಳು, ಕದ್ರಾ ಅಣ್ಣ ಖುಷಿಪಡಬಹುದು. ನಾಮಧಾರಿ ಮನೆ, ಅಪ್ಪನಿಗೆ ಫಾರ್ಮ್ ಏಳರಲ್ಲಿ ಬಂದ ಗದ್ದೆ. ಸರಕಾರಿ ಶಾಲೆ, ಇಂಜಿನಿಯರಿಂಗ್, ಬೆಂಗಳೂರಿನಲ್ಲಿ ಕೆಲಸ. ಸಂಬಳ ಚೆನ್ನಾಗಿದೆ. ಬಾಡಿಗೆ ಮನೆ ಹುಡುಕುವಾಗ ಮಾತ್ರ ಮೊದಲ ಪ್ರಶ್ನೆ ಸಂಬಳದ್ದಲ್ಲ, "ಮೀನು ಮಾಂಸ ಮಾಡ್ತೀರಾ?" ಅಂತ. ಒಣಮೀನಿನ ಪೊಟ್ಟಣವನ್ನು ನಾಲ್ಕು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತರ್ತೇನೆ. ದುಡ್ಡು ಬಂದ ಕೂಡಲೇ ಅಂತಸ್ತು ಬರುತ್ತದೆ ಅನ್ನೋರು ಒಮ್ಮೆ ಮನೆ ಹುಡುಕಬೇಕು.

ಇನ್ನೊಂದು. ನಾವು ಯಾರೂ ಊರಿನಲ್ಲಿ ಇದ್ದು ಮೇಲೆ ಬಂದವರಲ್ಲ. ಭಟ್ಕಳದವರಿಗೆ ದುಬೈ, ಕಾರವಾರದವರಿಗೆ ಗೋವಾ, ಘಟ್ಟದ ಮೇಲಿನವರಿಗೆ ಬೆಂಗಳೂರು. ಜಿಲ್ಲೆಯಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರ ಇದೆ, ನೌಕಾನೆಲೆ ಇದೆ, ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಇದೆ. ಆದರೂ ರವಿವಾರ ರಾತ್ರಿ ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಸ್ಲೀಪರ್ ಬಸ್ಸಿಗೆ ಸೀಟು ಸಿಗೋದಿಲ್ಲ.

ಕದ್ರಾ ಕರೆಂಟು:
ಮೀಸಲಾತಿ ಬಗ್ಗೆ ಯಾರೂ ಬಾಯಿಬಿಡ್ತಿಲ್ಲ. ಅದರಿಂದಲೂ ಮೇಲೆ ಬಂದಿದ್ದಾರೆ ತಾನೆ?

ಕುಮಟಾ ಅಕ್ಕೋರು:
ಬಂದಿದ್ದಾರೆ, ಬರಲಿ. ಆದರೆ ಎಷ್ಟು ತಡವಾಗಿ ಅಂತಲೂ ನೋಡಿ. ಆಫ್ರಿಕಾ ಮೂಲದ ನಮ್ಮ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅವರಲ್ಲೊಬ್ಬರು, ಶಾಂತಾರಾಮ ಸಿದ್ದಿ, ವಿಧಾನ ಪರಿಷತ್ತಿಗೆ ಹೋಗಿದ್ದು 2020ರಲ್ಲಿ, ಅದೂ ನಾಮನಿರ್ದೇಶನದಿಂದ. ಹಾಲಕ್ಕಿ ಒಕ್ಕಲಿಗರು ವರ್ಷಗಳಿಂದ ಅದೇ ಪಟ್ಟಿಗೆ ಸೇರಿಸಿ ಅಂತ ಕೇಳುತ್ತಿದ್ದಾರೆ. ಅವರಲ್ಲೇ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ, ಗಿಡ ಬೆಳೆಸಿದ ತುಳಸಿ ಗೌಡರಿಗೆ ಪದ್ಮಶ್ರೀ ಬಂತು. ತುಳಸಜ್ಜಿ ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋದ ಫೋಟೋ ಎಲ್ಲರ ಮೊಬೈಲಿನಲ್ಲೂ ಇತ್ತು. ಅದೇ ಅಜ್ಜಿ ದಶಕಗಟ್ಟಲೆ ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿ ಮಾಡಿದ್ದು ಎಷ್ಟು ಜನ ಶೇರ್ ಮಾಡಿದಿರಿ? ಒಬ್ಬರನ್ನು ಮೇಲೆ ಕೂರಿಸಿ ಕೈ ತಟ್ಟೋದು ಸುಲಭ.

ಗಂಗಾವಳಿ ದಂಡೆ:
ಯಲ್ಲಾಪುರದವರು ಹೇಳಿದ ಮೇಲೆ ನನ್ನ ಪ್ರಶ್ನೆಯೇ ಸ್ವಲ್ಪ ಬದಲಾಗಿದೆ. ನಮ್ಮಜ್ಜನಿಗೂ ಅವರಜ್ಜನಿಗೂ ದುಡಿಮೆಯಲ್ಲಿ ವ್ಯತ್ಯಾಸ ಇರಲಿಲ್ಲ. ನಮ್ಮಜ್ಜನ ಹತ್ತಿರ ಗೇಣಿ ಕೊಟ್ಟ ಚೀಟಿ ಇತ್ತು. ಈಗ ಆ ಗದ್ದೆಯ ಕಥೆಯೂ ಕೇಳಿ: 2020ರ ತಿದ್ದುಪಡಿಯ ಮೇಲೆ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು. ಗೋಕರ್ಣದ ಸುತ್ತ ದರ ಏರಿದೆ, ನಮ್ಮ ದಾಯಾದಿಯೊಬ್ಬ ತನ್ನ ಪಾಲು ಮಾರಿಯಾಯಿತು. ಕಾರು ಬಂತು. ಗದ್ದೆಗೆ ಕಂಪೌಂಡು ಬಂತು.

ಸಿದ್ದಾಪುರ ಟು ಮಜೆಸ್ಟಿಕ್:
ಅವನನ್ನು ಬೈಯಬೇಡಿ. ಸಾಗುವಳಿ ನಷ್ಟದ ಬಾಬತ್ತು ಅಂತ ನೀವೇ ಗದ್ದೆ ಬಿಟ್ಟು ಕೆಲಸಕ್ಕೆ ಹೋದವರು ತಾನೆ?

ಗಂಗಾವಳಿ ದಂಡೆ:
ಬೈಯುತ್ತಿಲ್ಲ ಮಾರಾಯ್ತಿ, ಹೇಳಿದೆ ಅಷ್ಟೇ.

ಕುಮಟಾ ಅಕ್ಕೋರು:
ಯಲ್ಲಾಪುರದ ತಮ್ಮಾ, ನಿಮ್ಮ ಅರ್ಜಿ ಯಾವ ಹಂತದಲ್ಲಿದೆ? ಅರಣ್ಯ ಹಕ್ಕು ನಿಯಮದಲ್ಲಿ ಇಂಥದ್ದೇ ದಾಖಲೆ ಬೇಕು ಅಂತ ಪಟ್ಟು ಹಿಡಿಯುವಂತಿಲ್ಲ. ಊರ ಹಿರಿಯರ ಹೇಳಿಕೆ ಬರೆಸಿ ಕೊಟ್ಟರೆ ಅದೂ ಸಾಕ್ಷಿ. ಹಳೇ ಶಾಲೆಗಳಲ್ಲಿ ಮುಂಬೈ ಸರಕಾರದ ಕಾಲದ ದಾಖಲಾತಿ ರಜಿಸ್ಟರ್ ಇರುತ್ತದೆ. ತಂದೆಯ ಹೆಸರು, ಊರು ಅದರಲ್ಲಿ ಬರೆದಿರುತ್ತಾರೆ. ಹೋಗಿ ಮುಖ್ಯಾಧ್ಯಾಪಕರನ್ನು ಕೇಳಿ.

ಯಲ್ಲಾಪುರ ಕಡೆಯವ:
ಅಕ್ಕೋರೇ, ನಮ್ಮಜ್ಜನೂ ಅವನ ಅಣ್ಣತಮ್ಮಂದಿರೂ ಶಾಲೆಗೇ ಹೋಗಿಲ್ಲ. ಅಪ್ಪ ನಮ್ಮನೆಯಲ್ಲಿ ಮೊದಲು ಹೋದವ, ಅದು 1960ರ ನಂತರ. ಅರ್ಜಿ ತಿರಸ್ಕಾರ ಆಗಿ ಮೇಲ್ಮನವಿ ಹಾಕಿದ್ದೇವೆ.

ಶಿರಸಿ ತೋಟದಮನೆ:
ತಮ್ಮಾ, ನಮ್ಮನೆ ಅಟ್ಟದ ಮೇಲೆ ಅಪ್ಪಯ್ಯನ ಕಾಲದ ಕೂಲಿ ಲೆಕ್ಕದ ಪುಸ್ತಕ ಇದೆ. ಯಾವ ಕೇರಿಯಿಂದ ಯಾರು ಎಷ್ಟು ದಿನ ಬಂದರು, ಭತ್ತ ಎಷ್ಟು ಕೊಟ್ಟದ್ದು, ಎಲ್ಲ ಇಸವಿ ಸಮೇತ. ನಿಮ್ಮೂರ ಹಳೇ ತೋಟದ ಮನೆಗಳಲ್ಲೂ ಇರಲೇಬೇಕು. ನಿಮ್ಮಜ್ಜ ಕೆಲಸಕ್ಕೆ ಹೋಗುತ್ತಿದ್ದ ಮನೆಯಲ್ಲಿ ಕೇಳಿ ನೋಡಿದ್ದೀರಾ?

ಯಲ್ಲಾಪುರ ಕಡೆಯವ:
ಕೇಳಿಲ್ಲ. ನಾವು ಬಿಡಿಸಿಕೊಂಡ ಜಾಗ ತಮ್ಮ ಬೆಟ್ಟಕ್ಕೆ ಸೇರಿದ್ದು ಅಂತ ತಕರಾರು ಕೊಟ್ಟವರು ಅದೇ ಮನೆಯವರು.