ಇ36 ಎಂ3 ಸೆಡಾನ್‌ಗೆ ಟೊಯೋಟಾ 2ಜೆಝಡ್ ಟರ್ಬೊ ಎಂಜಿನ್: ಮೂಲ ಗೇರ್‌ಬಾಕ್ಸ್ ಉಳಿಸಿಕೊಳ್ಳಬಹುದೇ?

ಪ್ರಶ್ನೆ: ನಾಲ್ಕುಬಾಗಿಲು

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 1995ರ ಬಿಎಂಡಬ್ಲ್ಯು ಎಂ3 ಇದೆ. ಇ36 ಸರಣಿಯ ನಾಲ್ಕು ಬಾಗಿಲಿನ ಸೆಡಾನ್, ಬಲಗಡೆ ಸ್ಟೀರಿಂಗ್. ಕಾರು ನನ್ನ ಕೈಸೇರುವಾಗಲೇ ಅದರಲ್ಲಿ ಎಂಜಿನ್ ಇರಲಿಲ್ಲ. ಹಿಂದಿನ ಮಾಲೀಕರು 3.0 ಲೀಟರಿನ ಎಸ್50ಬಿ30 ಎಂಜಿನ್ನನ್ನು ಬೇರೆಯಾಗಿ ಮಾರಿಬಿಟ್ಟಿದ್ದರು. ಐದು ಗೇರಿನ ಝಡ್‌ಎಫ್ (ಜರ್ಮನಿಯ ತಯಾರಕ ಕಂಪನಿ) ಗೇರ್‌ಬಾಕ್ಸ್, ಡಿಫರೆನ್ಷಿಯಲ್ (ಹಿಂಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ), ಮೀಟರ್ ಬೋರ್ಡ್, ಕೀಲಿ ಎಲ್ಲವೂ ಮೂಲದ್ದೇ ಆಗಿದ್ದು, ಕಾರಿನ ಬಾಡಿಯಲ್ಲಿ ಎಲ್ಲಿಯೂ ತುಕ್ಕು ಹಿಡಿದಿಲ್ಲ.

ಇದಕ್ಕೆ ಟೊಯೋಟಾ ಅರಿಸ್ಟೊ ಕಾರಿನಿಂದ ತೆಗೆದ 2ಜೆಝಡ್-ಜಿಟಿಇ ವಿವಿಟಿ-ಐ ಎಂಜಿನ್ (ವಾಲ್ವ್‌ಗಳ ಸಮಯವನ್ನು ತಾನೇ ಬದಲಿಸಿಕೊಳ್ಳುವ ಜೋಡಿ ಟರ್ಬೊ ಮಾದರಿ) ಕೂರಿಸಬೇಕೆಂದಿದ್ದೇನೆ. ಗುರಿ ಸುಮಾರು 400 ಪಿಎಸ್ (ಅಶ್ವಶಕ್ತಿ). ಹೆಚ್ಚಾಗಿ ರಸ್ತೆಯಲ್ಲೇ ಓಡಿಸುತ್ತೇನೆ, ಆಗಾಗ ಟ್ರ್ಯಾಕ್‌ಗೂ ಒಯ್ಯುವ ಆಸೆಯಿದೆ. ಡ್ರ್ಯಾಗ್ ರೇಸ್ ಕಾರು ನನಗೆ ಬೇಡ. ಈಗಿರುವ ಝಡ್‌ಎಫ್ ಗೇರ್‌ಬಾಕ್ಸನ್ನೇ ಅಡಾಪ್ಟರ್ ಪ್ಲೇಟ್ (ಎಂಜಿನ್ನಿಗೂ ಬೇರೆ ಕಂಪನಿಯ ಗೇರ್‌ಬಾಕ್ಸಿಗೂ ನಡುವೆ ಜೋಡಿಸುವ ಲೋಹದ ತಟ್ಟೆ) ಹಾಕಿ ಉಳಿಸಿಕೊಳ್ಳಬಹುದೇ ಎಂಬುದು ನನ್ನ ಮುಖ್ಯ ಪ್ರಶ್ನೆ. ಕಬ್ಬಿಣದ ಬ್ಲಾಕಿನ ಈ ಎಂಜಿನ್ ಬಂದರೆ ಕಾರಿನ ಮೂತಿ ಭಾರವಾಗಿ ತಿರುವುಗಳಲ್ಲಿ ಅದರ ಗುಣವೇ ಕೆಡುತ್ತದೆಂದು ಕೆಲವರು ಹೆದರಿಸಿದ್ದಾರೆ, ಅದು ಎಷ್ಟು ನಿಜ? ಕಂಪನಿಯ ಜೋಡಿ ಟರ್ಬೊಗಳನ್ನೇ ಇಟ್ಟುಕೊಳ್ಳಲೇ ಅಥವಾ ಒಂದೇ ಟರ್ಬೊಗೆ ಬದಲಾಯಿಸಲೇ? ಮೂಲ ಮೀಟರ್‌ಗಳೆಲ್ಲ ಕೆಲಸ ಮಾಡುತ್ತವೆಯೇ? ಈ ಕೆಲಸವನ್ನು ಕೈಯಾರೆ ಮಾಡಿದವರು ದಯವಿಟ್ಟು ತಿಳಿಸಿ.

ಉತ್ತರ: ಡಯಲ್‌ಗೇಜ್

ಗೇರ್‌ಬಾಕ್ಸ್ ಪ್ರಶ್ನೆಯನ್ನೇ ಮೊದಲು ಕೈಗೆತ್ತಿಕೊಳ್ಳುತ್ತೇನೆ, ಏಕೆಂದರೆ ಉಳಿದ ಅರ್ಧ ನಿರ್ಧಾರಗಳು ಅದರ ಮೇಲೆಯೇ ನಿಂತಿವೆ.

ನಿಮ್ಮ ಕಾರಿನ ಮೂಲ ಎಂಜಿನ್ 7000 ಆರ್‌ಪಿಎಂನಲ್ಲಿ 286 ಪಿಎಸ್ ಶಕ್ತಿ ಕೊಡುತ್ತಿತ್ತು, ಅದರ ಗರಿಷ್ಠ ಟಾರ್ಕ್ (ತಿರುಗಿಸುವ ಬಲ) 320 ನ್ಯೂಟನ್ ಮೀಟರ್. ನೀವು ತರಲಿರುವ 2ಜೆಝಡ್ ಎಂಜಿನ್ನಿಗೆ ಕಾರ್ಖಾನೆ ಹೇಳಿದ್ದು 280 ಪಿಎಸ್. ಜಪಾನಿನ ತಯಾರಕರು ಆ ಕಾಲದಲ್ಲಿ ತಮ್ಮೊಳಗೆ ಮಾಡಿಕೊಂಡಿದ್ದ ಒಪ್ಪಂದದ ಮಿತಿಯೇ ಅದು. ಹಾಗಾಗಿ ಕಾಗದದ ಮೇಲೆ ನೋಡಿದರೆ ಹೊಸ ಎಂಜಿನ್ನಿನ ಶಕ್ತಿ ಆರು ಪಿಎಸ್ ಕಡಿಮೆ! ಆದರೆ ಟಾರ್ಕ್ 451 ನ್ಯೂಟನ್ ಮೀಟರ್, ಅಂದರೆ ಹಳೆಯದಕ್ಕಿಂತ ಶೇ. 40ರಷ್ಟು ಹೆಚ್ಚು, ಅದೂ 3600 ಆರ್‌ಪಿಎಂನಲ್ಲೇ. ಗೇರ್‌ಬಾಕ್ಸನ್ನು ಮುರಿಯುವುದು ಟಾರ್ಕೇ ಹೊರತು ಪಿಎಸ್ ಅಲ್ಲ. ನಿಮ್ಮಲ್ಲಿರುವ ಝಡ್‌ಎಫ್ ಗೇರ್‌ಬಾಕ್ಸಿನ ಹೆಸರಿನಲ್ಲಿ ಬರುವ 310 ಅಥವಾ 320 ಎಂಬ ಸಂಖ್ಯೆ, ಅದನ್ನು ಸುಮಾರು ಎಷ್ಟು ನ್ಯೂಟನ್ ಮೀಟರ್‌ಗೆಂದು ಮಾಡಿದ್ದಾರೆ ಎಂಬುದನ್ನು ಸೂಚಿಸುತ್ತದೆ.

ಇನ್ನು ನಿಮ್ಮ ಗುರಿ. 400 ಪಿಎಸ್ ಅಂದರೆ ಸುಮಾರು 294 ಕಿಲೋವ್ಯಾಟ್. ಅದು 6000 ಆರ್‌ಪಿಎಂನಲ್ಲಿ ಸಿಗಬೇಕಾದರೆ ಆ ವೇಗದಲ್ಲಿ 468 ನ್ಯೂಟನ್ ಮೀಟರ್ ಬೇಕು, ಮತ್ತು ಟರ್ಬೊ ಎಂಜಿನ್ ಆದ್ದರಿಂದ 4000ದ ಆಸುಪಾಸಿನಲ್ಲಿ ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ) ತಡೆಯದಿದ್ದರೆ ಟಾರ್ಕ್ 500 ದಾಟುತ್ತದೆ. ಝಡ್‌ಎಫ್ ಕೂಡಲೇ ಮುರಿದುಬೀಳುತ್ತದೆಂದು ನಾನು ಹೇಳುವುದಿಲ್ಲ. ಸಂಯಮದಿಂದ ಓಡಿಸುವವರ ಕೈಯಲ್ಲಿ ಅದು ಬಹುಕಾಲ ಬಾಳಬಹುದು. ಆದರೆ ಟ್ರ್ಯಾಕ್‌ಗೆ ಒಯ್ಯುತ್ತೇನೆ ಅನ್ನುತ್ತೀರಿ, ಅಲ್ಲಿ ಮೂರನೆಯ ಗೇರಿನಲ್ಲಿ ಪದೇ ಪದೇ ಪೂರ್ತಿ ಭಾರ ಬೀಳುತ್ತದೆ. ಬಿಎಂಡಬ್ಲ್ಯುವಿನದೇ ಡೀಸೆಲ್ ಕಾರುಗಳಲ್ಲಿ ಬಂದ ಆರು ಗೇರಿನ ಜಿಎಸ್6-53ಡಿಝಡ್ ಗೇರ್‌ಬಾಕ್ಸ್ ಇಂಥ ಟಾರ್ಕಿಗೆಂದೇ ಆದದ್ದು, 2ಜೆಝಡ್‌ಗೆ ಅದನ್ನು ಜೋಡಿಸುವ ಅಡಾಪ್ಟರ್‌ಗಳೂ ಸಿಗುತ್ತವೆ. ಡೀಸೆಲ್‌ಗೆ ಒಪ್ಪುವಂತೆ ಮೊದಲ ಗೇರ್ ಬಹಳ ತಗ್ಗಾಗಿರುವುದೊಂದೇ ಅದರ ಕೊರತೆ; ಡಿಫರೆನ್ಷಿಯಲ್ ಅನುಪಾತ ಆರಿಸುವಾಗ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಯಾವ ಗೇರ್‌ಬಾಕ್ಸೇ ಆಗಲಿ, ಅಡಾಪ್ಟರ್ ಬೋಲ್ಟ್ ಬಿಗಿಯಾಯಿತು ಎಂದಾಕ್ಷಣ ಕೆಲಸ ಮುಗಿಯಲಿಲ್ಲ. ಡಯಲ್ ಗೇಜನ್ನು (ಸೂಕ್ಷ್ಮ ಓಲಾಟ ಅಳೆಯುವ ಮಾಪಕ) ಫ್ಲೈವೀಲ್‌ಗೆ (ಎಂಜಿನ್ ಹಿಂತುದಿಯ ಭಾರದ ಚಕ್ರ) ಕಚ್ಚಿಸಿ, ಅದರ ಮುಳ್ಳನ್ನು ಬೆಲ್ ಹೌಸಿಂಗಿನ (ಗೇರ್‌ಬಾಕ್ಸಿನ ಗಂಟೆಯಾಕಾರದ ಮುಂಗವಚ) ಮಧ್ಯದ ರಂಧ್ರದ ಒಳಅಂಚಿಗೆ ತಾಗಿಸಿ, ಕ್ರ್ಯಾಂಕನ್ನು ಕೈಯಿಂದ ಒಂದು ಪೂರ್ಣ ಸುತ್ತು ತಿರುಗಿಸಿ. ಮುಳ್ಳಿನ ಒಟ್ಟು ಓಲಾಟ 0.1 ಮಿಲಿಮೀಟರ್ ಆಸುಪಾಸಿನೊಳಗೆ ಇರಬೇಕು. ಹೆಚ್ಚಿದ್ದರೆ ಇನ್‌ಪುಟ್ ಶಾಫ್ಟ್ ಪ್ರತಿ ಸುತ್ತಿನಲ್ಲೂ ಪಕ್ಕಕ್ಕೆ ಒತ್ತಲ್ಪಟ್ಟು, ಮೊದಲು ಆ ಶಾಫ್ಟಿನ ತುದಿಯನ್ನು ಹಿಡಿದಿರುವ ಪೈಲಟ್ ಬೇರಿಂಗ್ ಸವೆಯುತ್ತದೆ, ಆಮೇಲೆ ಗೇರ್‌ಬಾಕ್ಸಿನ ಮುಂದಿನ ಬೇರಿಂಗ್ ಸದ್ದು ಮಾಡತೊಡಗುತ್ತದೆ. ಆಗ ಎಲ್ಲರೂ ಹಳೆಯ ಗೇರ್‌ಬಾಕ್ಸನ್ನು ದೂರುತ್ತಾರೆಯೇ ಹೊರತು ಅಡಾಪ್ಟರ್ ಕಡೆ ಯಾರೂ ನೋಡುವುದಿಲ್ಲ.

ಭಾರದ ಹೆದರಿಕೆ ಅರ್ಧ ಸುಳ್ಳು. ನಿಮ್ಮ ಮೂಲ ಎಸ್50 ಎಂಜಿನ್ನಿನ ಬ್ಲಾಕ್ ಕೂಡ ಕಬ್ಬಿಣದ್ದೇ. ಹೆಚ್ಚಾಗುವ ಭಾರ ಟರ್ಬೊ, ಮ್ಯಾನಿಫೋಲ್ಡ್, ಇಂಟರ್‌ಕೂಲರ್ ಮತ್ತು ಅವುಗಳ ಕೊಳವೆಗಳದು. ಎಂಜಿನ್ನನ್ನು ಫೈರ್‌ವಾಲ್‌ಗೆ (ಎಂಜಿನ್ ಕೋಣೆಯ ಹಿಂಗೋಡೆ) ಸಾಧ್ಯವಾದಷ್ಟು ಹತ್ತಿರ ಕೂರಿಸಿದರೆ ಚಾಲನೆಯಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ.

ನಿಜವಾದ ಕಷ್ಟ ಬಲಗಡೆಯ ಸ್ಟೀರಿಂಗ್. 2ಜೆಝಡ್‌ನ ಎಕ್ಸಾಸ್ಟ್ ಮತ್ತು ಟರ್ಬೊಗಳು ಕಾರಿನ ಬಲಬದಿಗೆ ಬರುತ್ತವೆ. ನಿಮ್ಮ ಸ್ಟೀರಿಂಗ್ ಶಾಫ್ಟ್ ಇಳಿಯುವುದೂ ಅಲ್ಲೇ, ಬ್ರೇಕ್ ಮಾಸ್ಟರ್ ಸಿಲಿಂಡರ್ ಇರುವುದೂ ಅಲ್ಲೇ. ಎಡಗಡೆ ಸ್ಟೀರಿಂಗ್ ಇರುವ ಕಾರುಗಳ ಚಿತ್ರ ನೋಡಿ ಜಾಗ ಧಾರಾಳವಾಗಿದೆ ಎಂದುಕೊಳ್ಳಬೇಡಿ. ಶಾಫ್ಟಿನಲ್ಲಿರುವ ರಬ್ಬರ್ ಜೋಡಣೆ ಟರ್ಬೊದ ಕಾವಿಗೆ ತಾಳುವುದಿಲ್ಲ. ಅದರ ಜಾಗಕ್ಕೆ ಉಕ್ಕಿನ ಯೂನಿವರ್ಸಲ್ ಜಾಯಿಂಟ್ ಹಾಕಿ, ನಡುವೆ ತಗಡಿನ ಶಾಖ ತಡೆ ಕೊಡಬೇಕು.

ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ವಿಷಯವನ್ನೂ ಅಳೆದೇ ತೀರ್ಮಾನಿಸಿ. ಇದೇ ಎಂಜಿನ್ ಬೇರೆ ಬೇರೆ ಟೊಯೋಟಾ ಮಾದರಿಗಳಲ್ಲಿ ಬೇರೆ ಬೇರೆ ಆಕಾರದ ಸಂಪಿನೊಂದಿಗೆ ಬಂದಿದೆ, ನಿಮ್ಮ ಕಾರಿನಲ್ಲೋ ಸ್ಟೀರಿಂಗ್ ರ್ಯಾಕ್ ಹೊತ್ತಿರುವ ಕ್ರಾಸ್ ಮೆಂಬರ್ (ಅಡ್ಡತೊಲೆ) ಎಂಜಿನ್ ಕೆಳಗೇ ಹಾದುಹೋಗುತ್ತದೆ. ಬಿಎಂಡಬ್ಲ್ಯುವಿನ ಆರು ಸಿಲಿಂಡರ್ ಎಂಜಿನ್ ಬಲಕ್ಕೆ 30 ಡಿಗ್ರಿ ವಾಲಿಕೊಂಡಿರುತ್ತದೆ, ಟೊಯೋಟಾದ್ದು ಹೆಚ್ಚುಕಡಿಮೆ ನೆಟ್ಟಗೆ ನಿಲ್ಲುತ್ತದೆ. ಹಾಗಾಗಿ ಸಂಪಿಗಾಗಿ ಎಂಜಿನ್ನನ್ನು ಮೇಲೆತ್ತಿದರೆ ಬಾನೆಟ್ ಮುಚ್ಚುವುದಿಲ್ಲ.

ಉತ್ತರ: ಹಳೇಕ್ಯಾಟಲಾಗ್

ತಾಂತ್ರಿಕವಾಗಿ ಮೇಲಿನವರು ಹೇಳಿದ್ದೆಲ್ಲ ಸರಿ, ಆದರೂ ನನ್ನ ಅಭಿಪ್ರಾಯ ಬೇರೆ. ಎಂ3 ಸೆಡಾನ್ ಬೀದಿಗೊಂದು ಸಿಗುವ ಕಾರಲ್ಲ. 2ಜೆಝಡ್‌ನ ಸುಖವೇ ಬೇಕಿದ್ದರೆ ಸಾಧಾರಣ ಇ36 ಸೆಡಾನ್ ಒಂದನ್ನು ಹುಡುಕಿ, ಅದಕ್ಕೆ ಎಂಜಿನ್ ಕೂರಿಸಿ. ಎಂಜಿನ್ ಕೋಣೆಯ ಅಳತೆ ಎರಡಕ್ಕೂ ಒಂದೇ, ಎಂ3ಯ ಸಸ್ಪೆನ್ಷನ್ ಮತ್ತು ಬ್ರೇಕ್‌ಗಳನ್ನೂ ಅದಕ್ಕೆ ವರ್ಗಾಯಿಸಬಹುದು. ಎಂ3ಯನ್ನು ಹಾಗೆಯೇ ಮುಚ್ಚಿಟ್ಟು, ಎಸ್50 ಎಂಜಿನ್ ದೊರೆತಾಗ ಅದಕ್ಕೆ ಅದರ ಹೃದಯವನ್ನು ಮರಳಿ ಕೊಡಿ. ಆ ಎಂಜಿನ್ನಿಗೆ ಆರು ಪ್ರತ್ಯೇಕ ಥ್ರಾಟಲ್‌ಗಳಿವೆ. ಪೆಡಲ್ ಒತ್ತಿದ ಕ್ಷಣದಲ್ಲೇ ಅದು ಮಿಡಿಯುವ ರೀತಿಯನ್ನು ಯಾವ ಟರ್ಬೊ ಎಂಜಿನ್ನೂ ಕೊಡಲಾರದು.

ಒಂದು ವೇಳೆ ಮುಂದುವರಿದೇ ಬಿಟ್ಟರೆ, ಹಿಂಬದಿಯ ನೆಲವನ್ನು ಮರೆಯಬೇಡಿ. ಇ36ರಲ್ಲಿ ಟ್ರೇಲಿಂಗ್ ಆರ್ಮ್ (ಹಿಂಚಕ್ರ ಹಿಡಿಯುವ ತೋಳು) ಕಚ್ಚುವ ಜಾಗ, ಸಬ್‌ಫ್ರೇಮ್ (ಹಿಂಬದಿಯ ಉಪಚೌಕಟ್ಟು) ಮೌಂಟ್‌ಗಳು, ಹಿಂದಿನ ಶಾಕ್ ಅಬ್ಸಾರ್ಬರ್ ಟವರ್‌ಗಳು ಮೂಲ ಎಂಜಿನ್ನಿನ ಟಾರ್ಕಿಗೇ ಬಿರುಕು ಬಿಡುವುದುಂಟು. ಬಾಡಿ ಖಾಲಿಯಿರುವಾಗಲೇ ಬಲವರ್ಧಕ ತಗಡುಗಳನ್ನು ವೆಲ್ಡ್ ಮಾಡಿಸಿ.

ಪ್ರತಿಕ್ರಿಯೆ: ನಾಲ್ಕುಬಾಗಿಲು

ಡಯಲ್‌ಗೇಜ್ ಅವರೇ, ಧನ್ಯವಾದಗಳು. ಗೇರ್‌ಬಾಕ್ಸ್ ಬಗ್ಗೆ ಪಿಎಸ್ ಲೆಕ್ಕದಲ್ಲೇ ಯೋಚಿಸುತ್ತಿದ್ದೆ. ಡೀಸೆಲ್ ಗೇರ್‌ಬಾಕ್ಸ್ ಕಡೆಗೇ ಮನಸ್ಸು ವಾಲುತ್ತಿದೆ. ಹಳೇಕ್ಯಾಟಲಾಗ್ ಅವರೇ, ನಿಮ್ಮ ಮಾತನ್ನು ತಳ್ಳಿಹಾಕುವುದಿಲ್ಲ. ಆದರೆ ಈ ಬಾಡಿಯ ಸಂಖ್ಯೆಗೆ ಹೊಂದುವ ಎಂಜಿನ್ ಹೋಗಿಬಿಟ್ಟಿದೆ; ಬೇರೊಂದು ಎಸ್50 ತಂದರೂ ಇದು ಮೂಲ ಕಾರು ಎನಿಸಿಕೊಳ್ಳುವುದಿಲ್ಲ. ಆದರೂ ಮುಂದೊಂದು ದಿನ ಯಾರಾದರೂ ಹಿಂದಿರುಗಿಸಲು ಬಯಸಿದರೆ ಸಾಧ್ಯವಾಗುವಂತೆ, ಬಾಡಿಯ ಮುಂಭಾಗದಲ್ಲಿ ಏನನ್ನೂ ಕತ್ತರಿಸದೆ, ಬೋಲ್ಟ್ ಮಾಡುವ ಮೌಂಟ್‌ಗಳಿಂದಲೇ ಕೂರಿಸುತ್ತೇನೆ. ವೈರಿಂಗ್ ಮತ್ತು ಟರ್ಬೊ ಬಗ್ಗೆ ತಿಳಿದವರು ಹೇಳುವಿರಾ?

ಉತ್ತರ: ಇಪ್ಪತ್ತುಪಿನ್

ವೈರಿಂಗ್ ಮಟ್ಟಿಗೆ ಇ36 ಸುಲಭದ ಕಾರು. ಎಂಜಿನ್ ಹಾರ್ನೆಸ್ಸು (ತಂತಿಗಳ ಕಟ್ಟು) ಕಾರಿನ ವೈರಿಂಗ್‌ಗೆ ಸೇರುವುದು ಬಾನೆಟ್ ಕೆಳಗಿರುವ 20 ಪಿನ್‌ಗಳ ದುಂಡನೆಯ ಕನೆಕ್ಟರ್ ಮೂಲಕ. ಹೊಸ ಹಾರ್ನೆಸ್ಸಿನ ತುದಿಗೂ ಅದೇ ಕನೆಕ್ಟರ್ ಹಾಕಿಸಿದರೆ ಕಾರಿನ ಒಳಗಿನ ಒಂದು ತಂತಿಯನ್ನೂ ಕತ್ತರಿಸಬೇಕಾಗಿಲ್ಲ, ಮತ್ತು ಹಿಂದಿರುಗಿಸಲು ಸಾಧ್ಯವಾಗಬೇಕೆಂಬ ನಿಮ್ಮ ಇಚ್ಛೆಗೂ ಅದು ಒಪ್ಪುತ್ತದೆ.

ಸ್ಪೀಡೋಮೀಟರ್ ಬಗ್ಗೆ ಚಿಂತೆ ಬೇಡ. ಈ ಕಾರಿನಲ್ಲಿ ವೇಗದ ಸಂಕೇತ ಬರುವುದು ಡಿಫರೆನ್ಷಿಯಲ್ ಮೇಲಿನ ಸೆನ್ಸರ್‌ನಿಂದ, ಗೇರ್‌ಬಾಕ್ಸಿನಿಂದಲ್ಲ. ಆದ್ದರಿಂದ ಮೂಲ ಡಿಫರೆನ್ಷಿಯಲ್ ಇರುವವರೆಗೆ ಯಾವ ಗೇರ್‌ಬಾಕ್ಸ್ ಹಾಕಿದರೂ ಮುಳ್ಳು ಸರಿಯಾಗಿಯೇ ಓಡುತ್ತದೆ. ಟ್ಯಾಕೋಮೀಟರ್ (ಆರ್‌ಪಿಎಂ ತೋರಿಸುವ ಮೀಟರ್) ಎಂಜಿನ್ನಿನ ಪ್ರತಿ ಸುತ್ತಿನಲ್ಲೂ ಮೂರು ಪಲ್ಸ್ ನಿರೀಕ್ಷಿಸುತ್ತದೆ, ಹೊಸ ಎಂಜಿನ್ನಿಗೂ ಆರೇ ಸಿಲಿಂಡರ್ ಇರುವುದರಿಂದ ಇಸಿಯುವಿನಲ್ಲಿ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಆ ಔಟ್‌ಪುಟ್ ಹೊಂದಿಸುವುದು ಸಣ್ಣ ಕೆಲಸ. ತಾಪಮಾನದ ಮುಳ್ಳು ಮಾತ್ರ ಬಿಎಂಡಬ್ಲ್ಯು ಸೆನ್ಸರ್ ಇದ್ದರಷ್ಟೇ ನಿಜ ಹೇಳುತ್ತದೆ. ಥರ್ಮೋಸ್ಟಾಟ್ ಹೌಸಿಂಗಿಗೆ ಥ್ರೆಡ್ ಅಡಾಪ್ಟರ್ ಹಾಕಿ ಅದನ್ನು ಕೂರಿಸಿ. ನಿಮ್ಮ ಮೀಟರ್ ಬೋರ್ಡಿನಲ್ಲಿ ಆಯಿಲ್ ತಾಪಮಾನದ ಮುಳ್ಳಿದ್ದರೆ ಸಂಪಿನಲ್ಲೂ ಹೀಗೆಯೇ ಮಾಡಿ. ಇಸಿಯುವಿಗೆ ಅದರದೇ ಪ್ರತ್ಯೇಕ ಸೆನ್ಸರ್ ಇರಲಿ, ಒಂದೇ ಸೆನ್ಸರ್‌ನಿಂದ ಎರಡಕ್ಕೂ ಸಂಕೇತ ಕೊಟ್ಟರೆ ಎರಡೂ ತಪ್ಪು ತೋರಿಸುತ್ತವೆ.

ಅರಿಸ್ಟೊದ ಮೂಲ ಇಸಿಯುವನ್ನು ಉಳಿಸಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಅದು ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನು ಹುಡುಕುತ್ತಿರುತ್ತದೆ. ಸ್ವತಂತ್ರ ಇಸಿಯು ಕೊಳ್ಳುವಾಗ, ವಿವಿಟಿ-ಐ ಕ್ಯಾಮ್ ನಿಯಂತ್ರಣವನ್ನೂ ಆ ಎಂಜಿನ್ನಿನ ಎಲೆಕ್ಟ್ರಾನಿಕ್ ಥ್ರಾಟಲ್ಲನ್ನೂ ಅದು ನಡೆಸಬಲ್ಲುದೇ ಎಂದು ಖಚಿತಪಡಿಸಿಕೊಳ್ಳಿ. ಗೇರ್‌ಗೆ ತಕ್ಕಂತೆ ಬೂಸ್ಟ್ ಮಿತಿಗೊಳಿಸುವ ಸೌಲಭ್ಯವೂ ಇರಬೇಕು. ಡಯಲ್‌ಗೇಜ್ ಅವರು ಹೇಳಿದ 500 ನ್ಯೂಟನ್ ಮೀಟರ್ ಸಮಸ್ಯೆಯನ್ನು ಕಡಿಮೆ ಗೇರ್‌ಗಳಲ್ಲಿ ತಡೆಯುವ ಉಪಾಯ ಅದೇ. 1995ರ ಕಾರಿಗೆ ಕೀಲಿಯ ಇಮ್ಮೊಬಿಲೈಸರ್ (ಕಳ್ಳತನ ತಡೆಯುವ ವ್ಯವಸ್ಥೆ) ಇದ್ದರೆ ಅದರ ಪೆಟ್ಟಿಗೆಯನ್ನು ತೆಗೆಯಬೇಡಿ. ಹೊಸ ಇಸಿಯುವಿಗೆ ಅದು ಬೇಡವಾದರೂ ಸ್ಟಾರ್ಟರ್‌ಗೆ ಹೋಗುವ ವಿದ್ಯುತ್ ಅದರ ಮೂಲಕವೇ ಹಾದುಹೋಗುತ್ತದೆ.

ಉತ್ತರ: ಡಯಲ್‌ಗೇಜ್

ಟರ್ಬೊ ಪ್ರಶ್ನೆ ಬಾಕಿಯಿತ್ತು. ಕಂಪನಿಯ ಜೋಡಿ ಟರ್ಬೊಗಳು ಒಂದಾದ ಮೇಲೊಂದು ಕೆಲಸ ಮಾಡುವಂಥವು. ಕೆಳವೇಗದಲ್ಲಿ ಒಂದೇ ತಿರುಗಿ, 4000 ಆರ್‌ಪಿಎಂ ಸುಮಾರಿಗೆ ಎರಡನೆಯದು ಸೇರಿಕೊಳ್ಳುತ್ತದೆ. ಸರಿಯಿದ್ದಾಗ ಅದ್ಭುತ. ಆದರೆ ಅದನ್ನು ನಡೆಸುವ ವ್ಯಾಕ್ಯೂಮ್ ಕೊಳವೆಗಳು ಜೇಡರ ಬಲೆಯಂತೆ ಹಬ್ಬಿರುತ್ತವೆ, ಇಷ್ಟು ವರ್ಷ ಬಿಸಿಯುಂಡ ಎಂಜಿನ್ನಿನಲ್ಲಿ ಅವು ಗಟ್ಟಿಯಾಗಿ ಬಿರಿದಿರುತ್ತವೆ. ಜಪಾನ್ ಮಾರುಕಟ್ಟೆಯ ಆ ಟರ್ಬೊಗಳ ಟರ್ಬೈನ್ ಚಕ್ರ ಸೆರಾಮಿಕ್‌ನದು. ಬೂಸ್ಟ್ ಹೆಚ್ಚಿಸಿದರೆ ಶಾಫ್ಟಿನಿಂದ ಕಳಚಿ ಚೂರಾಗುತ್ತದೆ. 400 ಪಿಎಸ್ ಗುರಿಯಿಟ್ಟರೆ ಅವು ತಮ್ಮ ಅಂಚಿನಲ್ಲೇ ಬದುಕಬೇಕಾಗುತ್ತದೆ.

ನಿಮಗೆ ಮಧ್ಯಮ ಗಾತ್ರದ ಒಂದೇ ಟರ್ಬೊ ಸಾಕು. ದೊಡ್ಡದರ ಆಸೆಗೆ ಬೀಳಬೇಡಿ, ರಸ್ತೆಯಲ್ಲಿ 5000ದವರೆಗೆ ಕಾಯುವ ಕಾರು ಬೇಸರ ತರಿಸುತ್ತದೆ. ಒಂದೇ ಟರ್ಬೊದಿಂದ ಇನ್ನೊಂದು ಲಾಭ, ಅದನ್ನು ಮುಂದಕ್ಕೂ ಮೇಲಕ್ಕೂ ಸರಿಸಿ ಸ್ಟೀರಿಂಗ್ ಶಾಫ್ಟಿನಿಂದ ದೂರವಿಡುವಂತೆ ಮ್ಯಾನಿಫೋಲ್ಡ್ ಮಾಡಿಸಬಹುದು. ಆಗ ಡೌನ್‌ಪೈಪ್ (ಟರ್ಬೊದಿಂದ ಕೆಳಗಿಳಿಯುವ ಎಕ್ಸಾಸ್ಟ್ ಕೊಳವೆ) ಮಾತ್ರ ಶಾಫ್ಟಿನ ಪಕ್ಕ ಹಾದುಹೋಗುತ್ತದೆ.

ಎಂಜಿನ್ ಕೊಳ್ಳುವ ಮುನ್ನ ಆರೂ ಸಿಲಿಂಡರ್‌ಗಳ ಕಂಪ್ರೆಷನ್ ಪರೀಕ್ಷೆ ಮಾಡಿಸಿ, ಆಯಿಲ್ ತುಂಬುವ ಮುಚ್ಚಳ ತೆಗೆದು ಒಳಗೆ ಕೆಸರು ಕಟ್ಟಿದೆಯೇ ನೋಡಿ. ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಕ್ರ್ಯಾಂಕಿನ ಎರಡೂ ಆಯಿಲ್ ಸೀಲ್‌ಗಳನ್ನು ಎಂಜಿನ್ ಹೊರಗಿರುವಾಗಲೇ ಬದಲಾಯಿಸಿ. ಹೊಸ ಎಂಜಿನ್ ಸಂಖ್ಯೆಯನ್ನು ನೋಂದಣಿ ಪತ್ರದಲ್ಲಿ ಸೇರಿಸಲು ಮತ್ತು ಹೊಗೆ ಪರೀಕ್ಷೆಗೆ ಏನೇನು ಬೇಕೆಂದು ನಿಮ್ಮ ಸಾರಿಗೆ ಅಧಿಕಾರಿಗಳನ್ನೂ ವಿಮಾ ಕಂಪನಿಯನ್ನೂ ಹಣ ಕೊಡುವ ಮೊದಲೇ ಬರವಣಿಗೆಯಲ್ಲಿ ಕೇಳಿ. ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಎಷ್ಟು ಜಾಗ ಬಿಡಬೇಕು ಎಂಬುದು ಆ ಉತ್ತರದಿಂದಲೇ ನಿರ್ಧಾರವಾಗುತ್ತದೆ, ಡೌನ್‌ಪೈಪ್ ವೆಲ್ಡ್ ಆದ ಮೇಲೆ ತಿಳಿದರೆ ಪ್ರಯೋಜನವಿಲ್ಲ.

ಪ್ರತಿಕ್ರಿಯೆ: ನಾಲ್ಕುಬಾಗಿಲು

ಎಲ್ಲರಿಗೂ ಕೃತಜ್ಞತೆಗಳು. ಮೊದಲು ಸಾರಿಗೆ ಕಚೇರಿಗೆ ಪತ್ರ ಬರೆಯುತ್ತೇನೆ. ಉತ್ತರ ಬರುವಷ್ಟರಲ್ಲಿ ಹಿಂಬದಿಯ ನೆಲಕ್ಕೆ ಬಲವರ್ಧಕ ತಗಡುಗಳ ವೆಲ್ಡಿಂಗ್ ಮುಗಿಸಿ, ಒಳಭಾಗವೆಲ್ಲ ಖಾಲಿಯಾದ ಒಂದು ಹಳೆಯ 2ಜೆಝಡ್ ಬ್ಲಾಕ್ ಎರವಲು ತಂದು ಸಂಪ್, ಕ್ರಾಸ್ ಮೆಂಬರ್ ಮತ್ತು ಸ್ಟೀರಿಂಗ್ ಶಾಫ್ಟಿನ ಅಂತರಗಳನ್ನು ಅಳೆಯುತ್ತೇನೆ. ಅಳತೆಗಳು ಸಿಕ್ಕೊಡನೆ ಇಲ್ಲಿಯೇ ಬರೆಯುತ್ತೇನೆ.