ಪದ ಬೇಕು, ಇವತ್ತೇ: ಶೂಟಿಂಗ್ ಗೇಮಿನ ‘ಎಕ್ಸ್‌ಟ್ರಾಕ್ಷನ್ ಮೋಡ್’

ಬೆಳಗಾವಿ, ಬೆಳಿಗ್ಗೆ 10:20

ಎಲ್ಲರಿಗೂ ನಮಸ್ಕಾರ. ಟಿಳಕವಾಡಿಯಲ್ಲಿ ನನ್ನದು ಡಿಟಿಪಿ ಅಂಗಡಿ. ಮಹಡಿ ಮೇಲಿನ ಗೇಮಿಂಗ್ ಕೆಫೆಯ ಹುಡುಗರು ಆರಡಿ-ಮೂರಡಿ ಫ್ಲೆಕ್ಸ್ ಕೇಳಿದ್ದಾರೆ. ಸಂಜೆ ಐದಕ್ಕೆ ಪ್ರಿಂಟಿಗೆ ಹೋಗಬೇಕು. ಇಂಗ್ಲಿಷಿನಲ್ಲಿ ಬರೆದುಕೊಂಡು ಬಂದಿದ್ದು ಇಷ್ಟೇ: ಎಕ್ಸ್‌ಟ್ರಾಕ್ಷನ್ ಮೋಡ್ ತೆಗೆಯಬೇಡಿ. ಕೆಳಗೆ ಸಹಿಗೆ ಜಾಗ. ಬೋರ್ಡಿನಲ್ಲಿ 60 ಪರ್ಸೆಂಟ್ ಕನ್ನಡ ಇರಬೇಕು ಎಂದು 2024ರಲ್ಲಿ ಕಾನೂನು ಬಂತಲ್ಲ, ಕೆಫೆ ಮಾಲೀಕರು ಅದಕ್ಕೆ ಹೆದರಿ ‘ಕನ್ನಡ ದೊಡ್ಡದಾಗಿ ಹಾಕಿ’ ಎಂದಿದ್ದಾರೆ.

ಆಟ ಗೊತ್ತಿಲ್ಲದವರಿಗೆ: ಮೋಡ್ ಅಂದರೆ ಒಂದೇ ಗೇಮನ್ನು ಆಡುವ ಒಂದೊಂದು ಬಗೆ. ಇದರಲ್ಲಿ ಒಂದು ಜಾಗಕ್ಕೆ ಇಳಿಯುತ್ತೀರಿ. ಬಂದೂಕು, ಔಷಧಿ, ಸಿಕ್ಕಿದ್ದನ್ನೆಲ್ಲ ಚೀಲಕ್ಕೆ ತುಂಬುತ್ತೀರಿ. ಎಷ್ಟು ಜನರನ್ನು ಹೊಡೆದಿರಿ ಅನ್ನುವುದು ದೊಡ್ಡದಲ್ಲ. ಗೊತ್ತುಮಾಡಿದ ಕಡೆ ಹೋಗಿ, ಹೆಲಿಕಾಪ್ಟರ್ ಕರೆಸಿ, ಅದು ಬರುವ ತನಕ ಜೀವ ಹಿಡಿದು ಕೂತು, ಹತ್ತಿ ಹೊರಬಿದ್ದರೆ ಚೀಲ ನಿಮ್ಮದು. ಅದಕ್ಕೂ ಮೊದಲೇ ಸತ್ತರೆ ಎಲ್ಲ ಹೋಯಿತು. ಹುಡುಗರ ಸಿಟ್ಟು ಡಿಎಂಝಡ್ ಎಂಬ ಇಂಥದೇ ಮೋಡ್ ಬಗ್ಗೆ. ಕಾಲ್ ಆಫ್ ಡ್ಯೂಟಿ ಗೇಮಿನಲ್ಲಿ 2022ರ ನವೆಂಬರಿಗೆ ಬಂತು. ಒಂದೇ ವರ್ಷಕ್ಕೆ ಅದಕ್ಕೆ ಹೊಸದೇನೂ ಸೇರಿಸುವುದನ್ನು ನಿಲ್ಲಿಸಿದರು. ‘ಬ್ಯಾಟಲ್‌ಫೀಲ್ಡ್ 2042’ ಎಂಬ ಗೇಮಿನ ಹಜಾರ್ಡ್ ಝೋನ್ ಮೋಡ್ ಅಂತೂ ಆರು ತಿಂಗಳಿಗೇ ಕೈಬಿಟ್ಟರು. ಶುರು ಮಾಡಿ ನಡುದಾರಿಯಲ್ಲಿ ಬಿಡಬೇಡಿ ಅನ್ನುವುದು ಗೇಮ್ ಕಂಪನಿಗಳಿಗೆ ಇವರ ಅರ್ಜಿ.

‘ಹೊರತೆಗೆಯುವ ವಿಧಾನ’ ಎಂದು ಹಾಕಿ ನೋಡಿದೆ. ಹೋದ ತಿಂಗಳು ಹಲ್ಲಿನ ಡಾಕ್ಟರಿಗೆ ಮಾಡಿಕೊಟ್ಟ ಬೋರ್ಡ್ ನೆನಪಾಯಿತು. ಸುಮ್ನೆ ‘ಮೋಡ್’ ಎಂದೇ ಬಿಡೋಣವೆಂದರೆ, ನುಡಿ ಸಾಫ್ಟ್‌ವೇರಿನಿಂದ ಯೂನಿಕೋಡಿಗೆ ತರುವಾಗ ಕೊನೆಯ ಅರ್ಧಾಕ್ಷರ ಹಾರಿ ‘ಮೋಡ ತೆಗೆಯಬೇಡಿ’ ಆಯಿತು. ಹದಿನೈದು ದಿನದಿಂದ ಬಿಸಿಲು ಕಾಣದ ಊರಿನಲ್ಲಿ ಇದಕ್ಕೆ ಯಾರು ಸಹಿ ಹಾಕುತ್ತಾರೆ?

ವಿಜಯಪುರ, 10:41

ಹೊಸ ಪದ ಯಾಕೆ? ಸಾವಿರ ವರ್ಷದಿಂದ ಇದೆ. ತುಱುಗೋಳ್, ದನಕ್ಕಾಗಿ ನಡೆಯುತ್ತಿದ್ದ ಕಾದಾಟ. ಹೊಲದ ಬದುವಿನಲ್ಲಿ ನಿಂತ ವೀರಗಲ್ಲು ಓದಿ: ‘ತುಱುವಂ ಮಗುೞ್ಚಿ’. ತುಱು ಎಂದರೆ ದನ, ಮಗುೞ್ಚು ಎಂದರೆ ಹೋದದ್ದನ್ನು ಮರಳಿ ತರುವುದು. ನಿಮ್ಮ ಆಟವೂ ಅದೇ. ‘ಮಗುೞ್ಚಾಟ’ ಎಂದು ಹಾಕಿ. ಹಳಗನ್ನಡದ ೞಕಾರವನ್ನು ಳ ಮಾಡಬೇಡಿ. ಮುಗಿಯಿತು.

ಬಾಗಲಕೋಟೆ, 10:58

ಮುಗಿಯಲಿಲ್ಲ ಸರ್. ಕೆಫೆ ಹುಡುಗರು ೞ ನೋಡಿದರೆ ಪ್ರಿಂಟ್ ಕೆಟ್ಟಿದೆ ಎಂದು ಫ್ಲೆಕ್ಸ್ ವಾಪಸ್ ಕೊಡುತ್ತಾರೆ. ಅದಿರಲಿ, ಅರ್ಥವೇ ಉಲ್ಟಾ. ವೀರಗಲ್ಲಿನ ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ವೀರ ಸತ್ತ, ದನ ಮನೆಗೆ ಬಂದವು. ಈ ಆಟದಲ್ಲಿ ಸತ್ತರೆ ದನವೂ ಇಲ್ಲ, ಕೈಲಾಸವೂ ಇಲ್ಲ.

ನನ್ನ ಪ್ರಕಾರ ಇದು ಕಬಡ್ಡಿ. ಎಸ್ಕೇಪ್ ಫ್ರಮ್ ಟಾರ್ಕೊವ್ ಎಂಬ ಇಂಥದೇ ಗೇಮಿನಲ್ಲಿ ಒಂದೊಂದು ಸುತ್ತಿಗೂ ರೇಡ್ ಎನ್ನುತ್ತಾರೆ, ಕಬಡ್ಡಿಯಲ್ಲೂ ರೇಡ್. ಆಚೆ ಅಂಗಳದಲ್ಲಿ ಮೂರು ಜನರನ್ನು ಮುಟ್ಟಿದರೂ ನಡುಗೆರೆಗೆ ಕೈ ತಾಗದಿದ್ದರೆ ಮುಟ್ಟಿದ್ದು ಲೆಕ್ಕಕ್ಕಿಲ್ಲ. ‘ಗೆರೆ ಮುಟ್ಟುವ ಆಟ’ ಅನ್ನಿ.

ಬೆಳಗಾವಿ, 11:15

ಮೇಲೆ ಹೋಗಿ ಕೇಳಿದೆ. ‘ಕಬಡ್ಡಿ ಟೂರ್ನಮೆಂಟ್ ಅನ್ಕೋತಾರ್ರೀ ಅಣ್ಣಾ’ ಎಂದರು. ಸರಿ, ಇವರ ಬಾಯಲ್ಲಿ ಏನು ಬರುತ್ತದೆ ನೋಡೋಣ ಎಂದು ಒಬ್ಬನ ಪಕ್ಕ ಕೂತೆ. ಆಟದೊಳಗೆ ಹೊರಬೀಳುವ ಜಾಗದಲ್ಲಿ ಗೋಡೆಗೆ ಆತು ನಿಂತಿದ್ದ. ಪರದೆಯ ಮೇಲೆ ಸೆಕೆಂಡು ಇಳಿಯುತ್ತಿತ್ತು. ಏಳು, ಆರು, ಐದು. ಎಲ್ಲೋ ಹೆಜ್ಜೆ ಸಪ್ಪಳ. ಹುಡುಗ ಉಸಿರು ಬಿಡಲಿಲ್ಲ, ಮೌಸ್ ಮೇಲಿನ ಬೆರಳು ಬೆಳ್ಳಗಾಗಿತ್ತು. ಸೊನ್ನೆಗೆ ಬಂದದ್ದೇ ತಡ, ಹೆಡ್‌ಫೋನ್ ಕಿತ್ತೆಸೆದು ‘ಪಾರಾದೆ ಲೇ!’ ಎಂದು ಕೂಗಿದ.

ಪದ ಅಲ್ಲೇ ಇದೆ ಅಲ್ವಾ? ಪಾರು, ಆಟ. ‘ಪಾರಾಟ’ ಹೇಗೆ?

ವಿಜಯಪುರ, 11:22

ಪಾರ ಸಂಸ್ಕೃತ. ಬೇಡ. ಹೊಳೆ ಹಾಯುವುದು ಅನ್ನುತ್ತೇವಲ್ಲ, ಅಚ್ಚಕನ್ನಡ. ಹಾಯಾಟ.

ಗೋಕಾಕ, 11:40

ಪಾರಾಟ ಎಂದು ಆರಡಿ ಅಗಲಕ್ಕೆ ಬರೆದರೆ ಜನ ಮಹಡಿ ಹತ್ತಿ ಆಲೂ ಪರಾಠಾ ಕೇಳುತ್ತಾರೆ. ಇನ್ನು ಹಾಯಾಟ! ಸರ್, ಎತ್ತು ಹಾಯುವುದೂ ಹಾಯುವುದೇ. ನಮ್ಮ ಮನೆಯ ಹಿಂದೆ ಒಂದು ಹಾಯುವ ಹೋರಿ ಇದೆ, ಬಂದು ಆಡಿ. (ಪಾರಾಟ ಸಂಸ್ಕೃತ-ಕನ್ನಡ ಬೆರೆತ ಅರಿಸಮಾಸ ಎಂದು ಈಗ ಯಾರೋ ಎದ್ದು ನಿಲ್ಲುತ್ತಾರೆ. ಅವರಿಗೆ ಮುಂಚೆಯೇ: ‘ಪಾರು’ ನಮ್ಮ ಬಾಯಲ್ಲಿ ಸವೆದು ನಮ್ಮದೇ ಆದ ಪದ, ಸುಮ್ಮನೆ ಕೂತುಕೊಳ್ಳಿ.)

ವಿಜಯಪುರ, 11:47

ಅಕ್ಕೋರೇ, ನಗೆಚಾಟಿಕೆ ಸುಲಭ. ಗೇಮ್, ಮೋಡ್, ಫ್ಲೆಕ್ಸ್, ಪ್ರಿಂಟ್, ಕೆಫೆ. ಮೇಲಿನ ಪತ್ರಗಳಲ್ಲಿ ಕನ್ನಡ ಎಷ್ಟು ಉಳಿದಿದೆ ಎಣಿಸಿ. ಸಾಲ ತಂದವನು ತೀರಿಸಬೇಕು. ನಾವು ತರುತ್ತಲೇ ಇದ್ದೇವೆ.

ಗೋಕಾಕ, 12:05

ಎಣಿಸೋಣ ಬನ್ನಿ. ಹುಡುಗರು ಕೊಡುತ್ತಿರುವುದು ಅರ್ಜಿ: ಅರಬ್ಬಿ. ಹಾಕಿಸುತ್ತಿರುವುದು ಸಹಿ: ಅರಬ್ಬಿ. ಕೂತಿರುವುದು ಕುರ್ಚಿ: ಅದೂ ಅರಬ್ಬಿ. ರಾತ್ರಿ ಕೆಫೆಗೆ ಹಾಕುವ ಬೀಗದ ಚಾವಿ ಪೋರ್ಚುಗೀಸರದು. ನೀವು ಬರೆಯುತ್ತಿರುವುದು ಆದಿಲ್‌ಶಾಹಿಗಳ ಊರಿನಿಂದ. 2014ರ ನವೆಂಬರ್ 1ಕ್ಕೆ ಹೆಸರು ವಿಜಯಪುರ ಆಯಿತು. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಮಾತ್ರ ಇನ್ನೂ ‘ಬಿಜಾಪೂರ, ಬಿಜಾಪೂರ’ ಎಂದೇ ಕರೆಯುತ್ತಾನೆ, ಬಸ್ಸೂ ತುಂಬುತ್ತದೆ.

ಸಾಲ ತೀರಿಸಿಲ್ಲ ಅನ್ನಬೇಡಿ. ಲೂಟ್ ಅನ್ನುವ ಪದವನ್ನು ಇಂಗ್ಲಿಷರು ಹಿಂದಿಯಿಂದ ಹೊತ್ತೊಯ್ದರು. ಈಗ ಅದು ಗೇಮಿನೊಳಗೆ ಕೂತು ವಾಪಸ್ ಬಂದಿದೆ. ಇಷ್ಟು ವರ್ಷದಲ್ಲಿ ಪಾರಾಗಿ ಮನೆಗೆ ಬಂದ ಮಾಲು ಅಂದರೆ ಅದೇ.

ಖಾನಾಪುರ, 12:30

ಹಾಗಾದರೆ ‘ಲೂಟಿ ಮಾಡಿ ಪಾರಾಗಿ’ ಎಂದೇ ಹಾಕಿ. ಜೋರಾಗಿದೆ.

ಬೆಳಗಾವಿ, 12:33

ಅಂಗಡಿಯ ಎದುರೇ ಎಟಿಎಂ ಇದೆ ಅಣ್ಣಾ. ಫ್ಲೆಕ್ಸ್ ಜೊತೆ ನನ್ನನ್ನೂ ಇಳಿಸಿಕೊಂಡು ಹೋಗುತ್ತಾರೆ.

ಬಾಗಲಕೋಟೆ, ಮಧ್ಯಾಹ್ನ 2:10

ಪಾರು, ಹಾಯು ಎಂದು ಎಲ್ಲರೂ ಒಂದೇ ಪದ ಹಿಡಿದು ಜಗ್ಗುತ್ತಿದ್ದೀರಿ. ಆ ಸಾಲಿನಲ್ಲಿ ನಿಜವಾಗಿ ಕಾಡುವ ಪದ ‘ತೆಗೆ’. ಹಲ್ಲು ತೆಗೆಯುವುದು ಕೀಳುವುದು. ಬಾಗಿಲು ತೆಗೆಯುವುದು ತೆರೆಯುವುದು. ಅಂಗಡಿ ತೆಗೆದ ಎಂದರೆ ಶುರು ಮಾಡಿದ ಎಂದೇ ನಾವು ತಿಳಿಯುವುದು, ಮುಚ್ಚಿದ ಎಂದಲ್ಲ. ಪಟ್ಟಿಯಿಂದ ಹೆಸರು ತೆಗೆದ ಎಂದರೆ ಮಾತ್ರ ಇಲ್ಲವಾಗಿಸಿದ. ಈಗ ಹುಡುಗರ ಸಾಲು ನೋಡಿ. ಎಕ್ಸ್‌ಟ್ರಾಕ್ಷನ್ ಎಂದರೂ ತೆಗೆಯುವುದು, ಬೇಡ ಎನ್ನುತ್ತಿರುವುದೂ ತೆಗೆಯುವುದು. ‘ಹೊರತೆಗೆಯುವ ಆಟ ತೆಗೆಯಬೇಡಿ’ ಎಂದು ಓದಿದವನು ಆಟ ಶುರುವೇ ಮಾಡಬೇಡಿ ಎಂದುಕೊಂಡರೆ ತಪ್ಪು ಅವನದಲ್ಲ. ಆ ತೆಗೆಯನ್ನು ಎರಡೂ ಕಡೆಯಿಂದ ಬಿಡಿ. ಇವರಿಗೆ ಬೇಕಾದದ್ದು ಇರುವುದು ಇರಲಿ ಅನ್ನುವುದು ತಾನೇ? ‘ಉಳಿಸಿ’ ಸಾಕು. ಸಮಾಸವನ್ನೂ ಮಾಡಬೇಡಿ. ‘ಪಾರಾಗುವ ಆಟ’ ಎಂದು ಬಿಡಿಸಿ ಬರೆದರೆ ಪರಾಠಾ ಕಾಟವೂ ತಪ್ಪಿತು.

ಬೆಳಗಾವಿ, ಸಂಜೆ 4:35

‘ಪಾರಾಗುವ ಆಟ ಉಳಿಸಿ’. ಎರಡು ಸಾಲಿಗೆ ಚೆನ್ನಾಗಿ ಕೂತಿದೆ. ಕೆಳಗೆ ಸಣ್ಣದಾಗಿ ಎಕ್ಸ್‌ಟ್ರಾಕ್ಷನ್ ಮೋಡ್. ಅರ್ಧಾಕ್ಷರವನ್ನು ಮೂರು ಸಲ ನೋಡಿದ್ದೇನೆ. ಮಾಲೀಕರಿಗೆ ತೋರಿಸಿದೆ. ‘ಯಾರಿಂದ ಪಾರಾಗುವುದು, ನನ್ನ ಬಾಡಿಗೆಯಿಂದಲಾ?’ ಎಂದು ನಕ್ಕು ಸರಿ ಅಂದರು. ಫೈಲ್ ಕಳಿಸಿದೆ. ಬಾಗಲಕೋಟೆ ಸರ್, ಬೆಳಗಾವಿಗೆ ಬಂದರೆ ಕುಂದಾ ನನ್ನ ಕಡೆಯಿಂದ.

ವಿಜಯಪುರ, 4:52

ಉಳಿಸಿ ಸರಿ. ಪಾರ ಸಂಸ್ಕೃತವೇ. ನಾಳೆ ಬಿಡುವಾಗಿ ಬರೆಯುತ್ತೇನೆ.